ರಾಯರ ನಿದ್ರಾಶಾಸ್ತ್ರ

ನಿದ್ದೆಯ ವಿಷಯದಲ್ಲಿ ನಮ್ಮ ಬೀದಿಯ ರಾಯರಷ್ಟು ತಿಳಿದವರು ಸುತ್ತಮುತ್ತ ಇನ್ನೊಬ್ಬರಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಹಿಡಿದ ವಿದ್ಯೆ ಅದೊಂದೇ. ಕಣ್ಣಿನ ರೆಟಿನಾದಲ್ಲಿ ನೀಲಿ ಬೆಳಕಿಗೆ ಹೆಚ್ಚು ಮಿಡಿಯುವ ಕೋಶಗಳಿವೆ, ಅವು ಮಿದುಳಿಗೆ ‘ಇನ್ನೂ ಹಗಲು’ ಎಂದು ವರದಿ ಒಪ್ಪಿಸುತ್ತವೆ, ಮೆಲಟೋನಿನ್ ತಡವಾಗುತ್ತದೆ: ಇದೆಲ್ಲ ಅವರಿಗೆ ಬಾಯಿಪಾಠ. ದೇಹದ ಗಡಿಯಾರದ ಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂದದ್ದನ್ನೂ ಹಾಲಿನ ಬೂತಿನ ಮುಂದೆ ನಿಂತೇ ವಿವರಿಸಬಲ್ಲರು. ಇಷ್ಟನ್ನೂ ಓದಿಕೊಂಡದ್ದು ನಡುರಾತ್ರಿ, ಹೊದಿಕೆಯೊಳಗೆ, ಮೊಬೈಲಿನಲ್ಲಿ.

‘ಮಲಗುವ ಒಂದು ಗಂಟೆ ಮುಂಚೆ ಮೊಬೈಲ್ ಮುಟ್ಟಬೇಡಿ’ ಎಂಬ ಅವರ ಹಿತವಚನ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದದ್ದು ರಾತ್ರಿ 1.40ಕ್ಕೆ. 1.41ಕ್ಕೆಲ್ಲ ಏಳು ಹೆಬ್ಬೆಟ್ಟು ಬಿದ್ದಿದ್ದವು.

“ರೀ, ಇನ್ನೂ ಮಲಗಿಲ್ವೇ?” ಎಂದು ಮನೆಯಾಕೆ ಕೇಳಿದರೆ, “ಹಳದಿ ಬೆಳಕು ಹಾಕ್ಕೊಂಡಿದೀನಿ ಕಣೇ” ಎಂಬ ಉತ್ತರ ಸಿದ್ಧ. ನೈಟ್ ಮೋಡ್ ಅವರ ಪಾಲಿಗೆ ರಹದಾರಿ. ಕಾಫಿಗೆ ಸಕ್ಕರೆ ಬೇಡವೆಂದು, ಪಕ್ಕದಲ್ಲಿ ಎರಡು ಹೋಳಿಗೆ ಬಡಿಸಿಕೊಂಡ ಹಾಗೆ. ಪರದೆ ಹಳದಿಯಾದರೇನು, ಒಳಗಿನ ಜಗಳದ ಕಾವು ಇಳಿಯಬೇಕಲ್ಲ! ಪಿಂಚಣಿ ಲೆಕ್ಕದಲ್ಲಿ ಹಳೆಯ ಸಹೋದ್ಯೋಗಿ ಏನೋ ತಪ್ಪು ಬರೆದಿರುತ್ತಾರೆ. ತಿದ್ದದೆ ಮಲಗುವುದುಂಟೆ? ಕನ್ನಡಕ ಹಣೆಗೇರಿಸಿ, ತೋರುಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಾರೆ. ಒತ್ತಕ್ಷರ ಸಿಗದೆ ಅಳಿಸುತ್ತಾರೆ, ಮತ್ತೆ ಕುಟ್ಟುತ್ತಾರೆ. ಕಳಿಸಿದ ಮೇಲೆ ಆತ ಓದಿದನೋ ಇಲ್ಲವೋ ಎಂದು ಕಾಯಬೇಕು. ರಾಯರ ನಿದ್ದೆ ಕೆಡಿಸುವುದರಲ್ಲಿ ನೀಲಿ ಬೆಳಕಿನ ಪಾಲು ಅಷ್ಟಕ್ಕಷ್ಟೇ. ಹೆಚ್ಚಿನದು ಆ ಎರಡು ನೀಲಿ ಗೀಟುಗಳದ್ದು.

ಬಾಕಿ ಉಳಿದ ನಿದ್ದೆಯನ್ನು ಮಧ್ಯಾಹ್ನ ಟಿವಿ ಮುಂದೆ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. ಗೊರಕೆ ಕೇಳಿ ಯಾರಾದರೂ ಆರಿಸಿದರೋ, ತಟ್ಟನೆ ಎದ್ದು ಕೂತು, “ನೋಡ್ತಾ ಇದ್ದೆನಲ್ಲ, ಯಾಕೆ ಆರಿಸಿದ್ರಿ?” ಎಂದು ಗದರುತ್ತಾರೆ.

ಕೊನೆಗೆ ಮನೆಯವರೇ ಡಾಕ್ಟರ ಬಳಿಗೆ ಕರೆದೊಯ್ದರು. ರಾಯರು ಮೆಲಟೋನಿನ್ ಬಗ್ಗೆ ಅವರಿಗೂ ಹತ್ತು ನಿಮಿಷ ಪಾಠ ಹೇಳಿದರು. ಡಾಕ್ಟರು ಮಾತ್ರೆ ಬರೆಯಲಿಲ್ಲ. “ರಾತ್ರಿ ಮೊಬೈಲ್ ಹಾಲಿನಲ್ಲಿ ಚಾರ್ಜಿಗೆ ಹಾಕಿಬಿಡಿ, ಸಾಕು” ಎಂದರು.

ರಾಯರು ಚಾಚೂತಪ್ಪದೆ ಪಾಲಿಸುತ್ತಿದ್ದಾರೆ. ರಾತ್ರಿ ಹತ್ತಾದರೆ ಮೊಬೈಲ್ ಹಾಲಿನಲ್ಲೇ. ಸೆಖೆಯ ನೆಪ ಹೇಳಿ ಹಾಸಿಗೆಯನ್ನೂ ಈಗ ಅಲ್ಲಿಗೇ ಹಾಕಿಸಿಕೊಂಡಿದ್ದಾರೆ.