ಗಲ್ಲ ಸ್ವಲ್ಪ ಕೆಳಗೆ

ನಮ್ಮ ಮನೆತನದಲ್ಲಿ ಕ್ಯಾಮೆರಾ ಕೊಂಡವನಿಗೆ ಊಟ ಕೊನೇ ಪಂಕ್ತಿಯಲ್ಲಿ. ಮದುವೆಮನೆಯ ಮೊದಲ ಪಂಕ್ತಿ ಬೀಗರದು, ಎರಡನೆಯದು ದೂರದೂರಿನಿಂದ ಬಂದವರದು, ಮೂರನೆಯದು ಬಸ್ಸಿಗೆ ಹೊತ್ತಾಯಿತು ಅನ್ನುವವರದು. ಕೊನೆಯದರಲ್ಲಿ ಅಡುಗೆಯವರು, ವಾಲಗದವರು ಮತ್ತು ನಾನು. ಅಷ್ಟುಹೊತ್ತಿಗೆ ಹೋಳಿಗೆ ಮುಗಿದು ಹೋಳಿಗೆಯ ಹೊಗಳಿಕೆ ಮಾತ್ರ ಉಳಿದಿರುತ್ತದೆ. ಲಾಭವೂ ಇಲ್ಲದಿಲ್ಲ. ವಾಲಗದವರ ಪಕ್ಕದಲ್ಲಿ ಕೂತು ಉಂಡರೆ ಆ ಮದುವೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಯಾರು ಯಾವ ಉಡುಗೊರೆಗೆ ಮೂಗು ಮುರಿದರು ಎಂಬುದೆಲ್ಲ ಗೊತ್ತಾಗುತ್ತದೆ. ವೇದಿಕೆ ಮೇಲಿರುವವರನ್ನು ಅವರಷ್ಟು ಹೊತ್ತು ನೋಡುವವರು ನನ್ನನ್ನು ಬಿಟ್ಟರೆ ಇನ್ಯಾರೂ ಇಲ್ಲ.

ಫೋಟೋಗ್ರಫಿ ಬೆಳಕಿನ ವಿದ್ಯೆ ಎಂದು ನಂಬಿ ಕೈಹಾಕಿದವನು ನಾನು. ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಅದರಲ್ಲಿ ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. 120ರ ರೋಲು ಹಾಕಿದರೆ 12 ಚೌಕ ಚಿತ್ರ ಬರುತ್ತಿದ್ದವು. ಅಪ್ಪ ಆ ಹನ್ನೆರಡನ್ನು ಎಷ್ಟು ಹಿಡಿತದಿಂದ ಖರ್ಚು ಮಾಡುತ್ತಿದ್ದರೆಂದರೆ, ಯುಗಾದಿಯ ತೋರಣ ಮತ್ತು ದೀಪಾವಳಿಯ ಆಕಾಶಬುಟ್ಟಿ ಎರಡೂ ಒಂದೇ ರೋಲಿನಲ್ಲಿ ಇರುತ್ತಿದ್ದವು. ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿ ಮೇಲೆ, ಲೆನ್ಸು ಕೆಳಗೆ. ದೂರದವರಿಗೆ ಇದರಿಂದ ತೊಂದರೆಯಿಲ್ಲ. ಹತ್ತಿರ ಬಂದವರ ತಲೆ ಹಾರಿಹೋಗುತ್ತಿತ್ತು. ಹೀಗಾಗಿ ಅಪ್ಪ ಪ್ರೀತಿಯಿಂದ ಹತ್ತಿರ ಹೋಗಿ ತೆಗೆದವರನ್ನು ನಮ್ಮ ಆಲ್ಬಮ್ಮಿನಲ್ಲಿ ಸೀರೆಯ ಅಂಚಿನಿಂದಲೇ ಗುರುತು ಹಿಡಿಯಬೇಕು. ದೂರದ ನೆಂಟರು ಮಾತ್ರ ತಲೆಯಿಂದ ಪಾದದವರೆಗೆ ಸಾಂಗವಾಗಿದ್ದಾರೆ.

ಬೆಳಕಿನ ಪಾಠ ಶುರುವಾದದ್ದೇ ಪಂಚಾಂಗದೊಡನೆ ಜಗಳದಿಂದ. ಸೂರ್ಯ ನೆತ್ತಿಗೆ ಬಂದಾಗ ಮನುಷ್ಯರ ಫೋಟೋ ತೆಗೆಯಬೇಡಿ, ಹುಬ್ಬಿನ ನೆರಳು ಕಣ್ಣಿಗೆ ಬಿದ್ದು ಮುಖ ಕೆಡುತ್ತದೆ ಎಂದು ಫೋಟೋ ಪುಸ್ತಕಗಳೆಲ್ಲ ಹೇಳುತ್ತವೆ. ನಮ್ಮ ಪುರೋಹಿತರು ಹುಡುಕಿ ಹುಡುಕಿ ಇಡುವುದು ಅಭಿಜಿನ್ ಲಗ್ನ, ಎಂದರೆ ಸರಿಯಾಗಿ ನಡುಮಧ್ಯಾಹ್ನ. ದೇವಸ್ಥಾನದ ಬಯಲಿನಲ್ಲಿ ನಿಂತ ಮದುಮಗ ವಾರದಿಂದ ನಿದ್ದೆಗೆಟ್ಟವನ ಹಾಗೆ ಚಿತ್ರದಲ್ಲಿ ಮೂಡುತ್ತಾನೆ. ನಿದ್ದೆ ಕೆಡುವುದಕ್ಕೆ ಇನ್ನೂ ಕಾಲವಿದೆ ಎಂದು ಅವನಿಗೆ ಗೊತ್ತಿರುವುದಿಲ್ಲ. ಒಂದು ಮದುವೆ ಮಾತ್ರ ಗೋಧೂಳಿ ಲಗ್ನದಲ್ಲಿ ನಡೆಯಿತು. ದನ ಕೊಟ್ಟಿಗೆಗೆ ಮರಳುವ ಹೊತ್ತು, ಸೂರ್ಯ ಓರೆಯಾಗಿ, ಬೆಳಕು ಹೊನ್ನಾಗಿ ಎಲ್ಲರ ಕೆನ್ನೆಗೂ ತಾನೇ ಅರಿಸಿನ ಹಚ್ಚಿತ್ತು. ಫೋಟೋದವರು ಹಂಬಲಿಸುವ ಗಳಿಗೆ ಇದೇ. ನಾನು ಉತ್ಸಾಹ ತಡೆಯಲಾರದೆ, “ಎಲ್ಲರಿಗೂ ಗೋಧೂಳಿಯನ್ನೇ ಇಡಬಾರದೇ, ಶಾಸ್ತ್ರಿಗಳೇ?” ಎಂದೆ. “ಜಾತಕ ನೋಡಬೇಕಾದ್ದು ಹುಡುಗನದೋ ನಿಮ್ಮ ಕ್ಯಾಮೆರಾದ್ದೋ?” ಎಂದು ಕೇಳಿ ಅವರು ದಕ್ಷಿಣೆ ಎಣಿಸತೊಡಗಿದರು.

ಗ್ರೂಪ್ ಫೋಟೋದ್ದು ಬೇರೆಯೇ ಶಾಸ್ತ್ರ. ಆಸ್ತಿ ಭಾಗವಾದಾಗ ಬಾಯಿಬಿಡದವರು ಇಲ್ಲಿ ಕುರ್ಚಿಗಾಗಿ ಬಾಯಿಬಿಡುತ್ತಾರೆ. ಅಗಲಕೋನದ ಲೆನ್ಸು ಅಂಚಿನಲ್ಲಿ ನಿಂತವರನ್ನು ಕೊಂಚ ಹಿಗ್ಗಿಸಿ ದಪ್ಪಗೆ ತೋರಿಸುತ್ತದೆ ಎಂದು ನಾನೊಮ್ಮೆ ಚಿಕ್ಕಮ್ಮನಿಗೆ ಜ್ಞಾನದಾನ ಮಾಡಿದ್ದೆ. ಅಂದಿನಿಂದ ನಮ್ಮ ಕುಟುಂಬವೆಲ್ಲ ನಡುವಿನಲ್ಲೇ ಒತ್ತೊತ್ತಿಗೆ ನಿಲ್ಲುತ್ತದೆ. ಅಂಚು ಈಗ ಹೊಸ ಸೊಸೆಯಂದಿರ ಪಾಲು.

ಇಷ್ಟೆಲ್ಲ ಆಗಿ ಎಲ್ಲರೂ ನೆಟ್ಟಗೆ ನಿಂತ ಮೇಲೆ ಯಾರೋ ಒಬ್ಬರು ಕಣ್ಣು ಮುಚ್ಚುತ್ತಾರೆ. ಇದು ನನ್ನೊಬ್ಬನ ಗೋಳಲ್ಲ, ಗಣಿತ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದಕ್ಕೆ ಲೆಕ್ಕ ಹಾಕಿ, 2006ರಲ್ಲಿ ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ತಲೆ ಎಣಿಸಿ ಮೂರರಿಂದ ಭಾಗಿಸಿ, ಬೆಳಕು ಮಂಕಾಗಿದ್ದರೆ ಎರಡರಿಂದ. ಅಷ್ಟು ಸಲ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುವ ಸಂಭವ ಹೆಚ್ಚು. ಐವತ್ತಾದರೆ ಆಸೆ ಬಿಡುವುದೇ ಲೇಸು. ನಮ್ಮಲ್ಲಿ ಐವತ್ತೆಂದರೆ ಚಿಕ್ಕಪ್ಪನ ಕಡೆಯವರಷ್ಟೇ.

ಆದರೆ ಆ ಇಬ್ಬರು ನಮ್ಮ ಕಡೆ ಒಂದು ಮದುವೆಗೆ ಬಂದಿದ್ದರೆ ಅಷ್ಟು ಶ್ರಮ ಪಡುತ್ತಿರಲಿಲ್ಲ. ಇನ್ನೊಬ್ಬರ ಕಣ್ಣು ತೆರೆದಿದೆಯೇ ಮುಚ್ಚಿದೆಯೇ ಎಂದು ನೋಡುವವರು ಯಾರು? ಫೋಟೋ ಕೈಗೆ ಬಂದೊಡನೆ ಪ್ರತಿಯೊಬ್ಬರೂ ಎರಡು ಬೆರಳಿನಿಂದ ತಮ್ಮ ಮುಖವನ್ನೇ ಹಿಗ್ಗಿಸಿ ನೋಡುತ್ತಾರೆ. ಅದು ಚೆನ್ನಾಗಿದ್ದರೆ “ಫೋಟೋ ಬಹಳ ಚೆನ್ನಾಗಿದೆ”. ಮದುಮಗಳು ಆಕಳಿಸುತ್ತಿದ್ದರೂ ಚೆನ್ನಾಗಿದೆ.

ತಮ್ಮ ಮುಖ ಚೆನ್ನಾಗಿಲ್ಲ ಎಂದು ಕೊರಗುವವರದು ಮಾತ್ರ ಸುಳ್ಳು ಕೊರಗಲ್ಲ. ಜೀವನವಿಡೀ ನಾವು ನಮ್ಮ ಮುಖ ನೋಡಿರುವುದು ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ. ಫೋಟೋದಲ್ಲಿ ಬೈತಲೆ ಆಚೆ ಬದಿಗೆ ಹೋಗುತ್ತದೆ, ಮಚ್ಚೆ ಕೆನ್ನೆ ಬದಲಿಸುತ್ತದೆ, ಸೊಟ್ಟ ನಗು ಇನ್ನೊಂದು ಕಡೆಗೆ ಸೊಟ್ಟಗಾಗುತ್ತದೆ. “ಇದು ನಾನೇ ಅಲ್ಲ” ಎಂದು ಭಾವ ಹೌಹಾರುತ್ತಾರೆ. “ಥೇಟ್ ನೀವೇ” ಎಂದು ಅಕ್ಕ ತಣ್ಣಗೆ ಹೇಳುತ್ತಾಳೆ. ಇಬ್ಬರದೂ ನಿಜ; ಅವಳು ಈ ಮುಖವನ್ನು ಮೂವತ್ತು ವರ್ಷ ಎದುರಿನಿಂದ ನೋಡಿದ್ದಾಳೆ, ಅವರು ಒಮ್ಮೆಯೂ ನೋಡಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಲೆನ್ಸು ಒರೆಸುವುದನ್ನು ನಾನು ಬೇಗನೇ ಕಲಿತೆ.

ಮನುಷ್ಯರು ಸಾಕಾದಾಗ ರಂಗನತಿಟ್ಟಿಗೆ ಹೋಗುತ್ತೇನೆ. ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನವು ಎಲ್ಲವೂ ಸಿಗುತ್ತವೆ. ತೋಳುದ್ದದ ಲೆನ್ಸಿನವರು ಅವಕ್ಕೆ ಗುರಿಯಿಟ್ಟಿರುತ್ತಾರೆ. ನನ್ನ ಒಲವು ಬಂಡೆಯ ಮೇಲಿನ ಮೊಸಳೆಯ ಕಡೆಗೆ. ಮೈಶಾಖ ಇಳಿಸಿಕೊಳ್ಳಲು ಬಾಯಿ ತೆರೆದುಕೊಂಡು ಮಲಗಿದರೆ ಅದು ಅಲ್ಲಾಡುವುದಿಲ್ಲ, ಗಲ್ಲ ಕೆಳಗೆ ಮಾಡು ಅನ್ನಿಸಿಕೊಳ್ಳುವುದಿಲ್ಲ, “ಎಲ್ಲಿ ತೋರಿಸು” ಎಂದು ಎದ್ದು ಬರುವುದಿಲ್ಲ. ಬರದಿರುವುದೇ ಒಳ್ಳೆಯದು.

ಮನುಷ್ಯರನ್ನೂ ಅಷ್ಟೇ ನಿರಾಳವಾಗಿ ಕೂರಿಸುತ್ತಿದ್ದವರು ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳಿಗೆ ತಮ್ಮ ಆಟ ಮುಖ್ಯ, ಎದುರಿಗೆ ನಿಂತ ಮಾಮ ಯಾರಾದರೇನು ಎನ್ನುವ ಧೋರಣೆ. ನಮ್ಮ ಮನೆಯ ಮಕ್ಕಳು ಕ್ಯಾಮೆರಾ ಚೀಲದ ಜಿಪ್ ಸದ್ದಿಗೇ ಎರಡು ಬೆರಳೆತ್ತಿ ತುಟಿ ಚೂಪು ಮಾಡುತ್ತವೆ.

ನನ್ನ ವಿದ್ಯೆಗೆ ನಿಜವಾದ ಪರೀಕ್ಷೆ ಇಟ್ಟವರು ದೊಡ್ಡತ್ತೆ. ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿ, “ಬಂದು ನನ್ನದೊಂದು ಫೋಟೋ ತೆಗಿ. ಗೋಡೆಗೆ ಬೇಕು” ಎಂದರು.

“ಯಾವ ಗೋಡೆಗೆ ಅತ್ತೆ?”

“ಹೋದ ಮೇಲೆ ಹಾಕ್ತಾರಲ್ಲ, ಆ ಗೋಡೆಗೆ. ಈಗಲೇ ತೆಗೆಸಿಡದಿದ್ದರೆ ನನ್ನ ಮಕ್ಕಳು ಪೆನ್ಷನ್ ಬುಕ್ಕಿನ ಫೋಟೋನೇ ದೊಡ್ಡದು ಮಾಡಿಸಿ ಹಾರ ಹಾಕಿಬಿಡ್ತಾರೆ. ಅದರಲ್ಲಿ ನಾನು ಪಾತ್ರೆ ಕದ್ದವಳ ಹಾಗಿದೀನಿ.”

ಹೋದೆ. ಅವರು ಮೆರೂನ್ ಬಣ್ಣದ ಮೈಸೂರು ರೇಷ್ಮೆ ಉಟ್ಟು, ಮೂಗುಬೊಟ್ಟು ತೊಳೆದು ಇಟ್ಟುಕೊಂಡು ಸಿದ್ಧವಾಗಿದ್ದರು. ಹಳೇ ತೊಟ್ಟಿಮನೆ ಅದು. ತೊಟ್ಟಿಯ ಪಡಸಾಲೆಯಲ್ಲಿ ಬೆಳಗಿನ ಬೆಳಕು ಮೇಲಿಂದ ಮೆತ್ತಗೆ ಇಳಿಯುತ್ತದೆ. ಒಂದು ಕಂಬದ ಪಕ್ಕ ಕೂರಿಸಿದೆ. ಕೆನ್ನೆಯ ನೆರಳು ಬಿಡಿಸಲು ಮೊಮ್ಮಗನ ಕೈಗೆ ಬಿಳಿ ಪಂಚೆ ಕೊಟ್ಟು ಅಡ್ಡ ಹಿಡಿಸಿದೆ. ಬಿಳಿ ಬಟ್ಟೆಯಿಂದ ಹಿಂತಿರುಗುವ ಬೆಳಕಿಗೆ ಹಣ ಕೊಡಬೇಕಿಲ್ಲ. “ಮಡಿ ಪಂಚೆಯೇನೋ ಅದು?” ಎಂದಷ್ಟೇ ಕೇಳಿ ಅತ್ತೆ ಶಿಲೆಯಾದರು. 1838ರಲ್ಲಿ ಫೋಟೋಗ್ರಫಿಯ ಆದ್ಯರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದರ ಚಿತ್ರ ತೆಗೆದಾಗ ಫಲಕಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗಿತ್ತು; ಓಡಾಡುವ ಗಾಡಿ, ಜನ ಒಂದೂ ಮೂಡದೆ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತವನೊಬ್ಬ ಉಳಿದುಕೊಂಡ. (ಪಾಲಿಶ್ ಹಾಕುತ್ತಿದ್ದವನು ಮಸುಕು. ದುಡಿಯುವವನ ಹಣೆಬರಹ ಅಂದೂ ಅಷ್ಟೇ.) ನಮ್ಮತ್ತೆ ಅಲ್ಲಿದ್ದಿದ್ದರೆ ಮೂಗುಬೊಟ್ಟಿನ ಹರಳುಗಳೂ ಮೂಡುತ್ತಿದ್ದವು.

ಶಿಲೆಯದೊಂದು ತೆಗೆದು, ಅದನ್ನು ಕರಗಿಸಲು ಹುಳಿಪುಡಿಗೆ ಎಷ್ಟು ಮೆಣಸಿನಕಾಯಿ ಎಂದು ಕೇಳಿದೆ. ತಕ್ಷಣ ಜೀವ ಬಂತು. ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು, ದೊಡ್ಡ ಸೊಸೆ ಎಲ್ಲಿ ಕೆಡಿಸುತ್ತಾಳೆ ಎಂದು ಕೈ ಆಡಿಸುತ್ತ, ಕಣ್ಣರಳಿಸಿ ಹೇಳುತ್ತಿದ್ದಾಗ ಕ್ಲಿಕ್ಕಿಸಿದೆ. ನಾನು ಈವರೆಗೆ ತೆಗೆದ ಮುಖಗಳಲ್ಲಿ ಅಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಹೆಮ್ಮೆಯಿಂದ ತೋರಿಸಿದೆ.

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಚೆನ್ನಾಗಿದೆ. ಆದರೆ ಇದು ಬೇಡ.”

“ಯಾಕತ್ತೆ? ನೀವು ಇರೋ ಹಾಗೇ ಬಂದಿದೆ.”

“ಇರೋ ಹಾಗೆ ಇದ್ದರೆ ಸಾಕೇನೋ? ಗೋಡೆ ಮೇಲೆ ಎಷ್ಟು ವರ್ಷ ಇರಬೇಕು ನಾನು! ಅಷ್ಟೂ ವರ್ಷ ಅರ್ಧ ಮಾತಿನಲ್ಲಿ ಬಾಯಿ ತೆರೆದುಕೊಂಡಿರೋದಾ? ಬಂದವರೆಲ್ಲ, ಇನ್ನೂ ಏನೋ ಹೇಳ್ತಾ ಇದಾರಲ್ಲ ಅಂತ ಕಾಯ್ತಾ ಕೂರ್ತಾರೆ.”

ನನ್ನ ಬಳಿ ಉತ್ತರವಿರಲಿಲ್ಲ. ಶಿಲೆಯದನ್ನೇ ಆರಿಸಿದರು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟರು. ಅದಾಗಿ ವರ್ಷಗಳೇ ಕಳೆದಿವೆ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಕನ್ನಡಕದ ಫ್ರೇಮು ಬದಲಾಗಿದೆ, ಆದ್ದರಿಂದ ಹಳೇ ಫೋಟೋ ಈಗ ನಡೆಯುವುದಿಲ್ಲವಂತೆ. ಈ ಸಲ ಒಬ್ಬರೇ ಅಲ್ಲ. ಭಜನಾ ಮಂಡಳಿಯ ಗೆಳತಿಯರೂ ಬರುತ್ತಾರಂತೆ, ಎಲ್ಲರಿಗೂ ಗೋಡೆಗೆ ಬೇಕಂತೆ. ಒಬ್ಬರಿಗೆ ಎಡಗಡೆಯ ಕೆನ್ನೆ, ಒಬ್ಬರಿಗೆ ಎರಡೆಳೆ ಸರ ಪೂರ್ತಿ ಕಾಣಬೇಕು, ಇನ್ನೊಬ್ಬರದು ಸೊಸೆಗೆ ಇಷ್ಟವಾಗುವ ಹಾಗೆ ಇರಕೂಡದು. “ಪಂಚೆ ಎರಡು ತೆಗೆದಿಟ್ಟಿದೀನಿ, ಬೇಗ ಬಾ,” ಎಂದಿದ್ದಾರೆ ಅತ್ತೆ, “ಆಮೇಲೆ ಅವರೆಲ್ಲ ಮಾರ್ನಿಂಗ್ ಶೋಗೆ ಹೋಗಬೇಕು.”