ಗಿಟಾರು + ಜೇಬು: ಒಂದು ಸಂಧಿವಿಚಾರ

ವಾದ್ಯಗಳ ಚರಿತ್ರೆ ಬರೆದವರೆಲ್ಲ ಒಂದು ನಂಬಿಕೆಯನ್ನು ಪರೀಕ್ಷೆ ಮಾಡದೆ ಒಪ್ಪಿಕೊಂಡು ಬಂದಿದ್ದಾರೆ. ವಾದ್ಯ ಬೆಳೆಯುತ್ತದೆ, ತಂತಿ ಕೂಡುತ್ತದೆ, ಮೆಟ್ಟಿಲು ಹೆಚ್ಚುತ್ತದೆ, ನಾದ ದೊಡ್ಡದಾಗುತ್ತದೆ ಎಂಬ ನಂಬಿಕೆ ಅದು. ಗಿಟಾರಿನ ಈಚಿನ ಇತಿಹಾಸ ಇದನ್ನು ಸಾರಾಸಗಟಾಗಿ ಸುಳ್ಳು ಮಾಡಿದೆ. ಲೋಕರೂಢಿಯ ಗಿಟಾರಿಗೆ ಆರು ತಂತಿ. 2005ರ ನವೆಂಬರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದ ಪ್ಲಾಸ್ಟಿಕ್ ಗಿಟಾರಿಗೆ ಐದು ಗುಂಡಿ: ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ಅದೇ ಆಟ 2008ರ ಜೂನ್ 22ರಂದು ‘ಆನ್ ಟೂರ್’ ಎಂಬ ಹೆಸರು ಹೊತ್ತು ನಿಂಟೆಂಡೋ ಡಿಎಸ್ ಎಂಬ ಅಂಗೈಯಂತ್ರಕ್ಕೆ ಇಳಿದಾಗ ಉಳಿದದ್ದು ನಾಲ್ಕೇ ಗುಂಡಿ. ಕಿತ್ತಳೆ ಹೋಗಿತ್ತು. ಆರು, ಐದು, ನಾಲ್ಕು. ಈ ಮೂರು ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿದವನಿಗೆ ಎರಡು ವಿಷಯ ಹೊಳೆಯಲೇಬೇಕು. ಇಲ್ಲಿ ಒಂದು ನಿಯಮ ಕೆಲಸ ಮಾಡುತ್ತಿದೆ. ಮತ್ತು ಅದು ಭೌತಶಾಸ್ತ್ರದ್ದಲ್ಲ, ಮಾರುಕಟ್ಟೆಯದೂ ಅಲ್ಲ, ವ್ಯಾಕರಣದ್ದು.

ಹೇಗೆಂದರೆ, 2007ರ ಅಕ್ಟೋಬರಿನಲ್ಲಿ ಈ ಮಾಲಿಕೆಯ ಮೂರನೆಯ ಕಂತು ಬಂದು ಮನೆಮನೆಯ ಟಿವಿಯ ಮುಂದೆ ಗದ್ದಲವೆಬ್ಬಿಸಿದ ಮೇಲೆ, ಅಂಗೈ ಆವೃತ್ತಿಗಾಗಿ ಕಾದವರ ಮುಂದಿದ್ದ ಪ್ರಶ್ನೆ ಒಂದೇ. ತೋಳಿನುದ್ದದ ಗಿಟಾರು, ಮೂರಂಗುಲದ ಎರಡು ಪರದೆಗಳ ಮಡಚುಪೆಟ್ಟಿಗೆ: ಇವೆರಡನ್ನು ಕೂಡಿಸಿದರೆ ಏನಾಗುತ್ತದೆ? ಎರಡನ್ನು ಎಡೆಬಿಡದೆ ಕೂಡಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಸಂಧಿ ಎಂದು ಹೆಸರು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಅವನ ಮುಂದೆ ಡಿಎಸ್ ಇರಲಿಲ್ಲ, ನಿಜ. ಆದರೆ ಸಂಧಿಕಾರ್ಯ ಮೂರೇ ಬಗೆ, ಲೋಪ, ಆಗಮ, ಆದೇಶ, ಎಂಬುದನ್ನು ಏಳನೇ ಇಯತ್ತೆಯ ಹುಡುಗನೂ ಬಲ್ಲ. ಒಂದು ಬಿದ್ದುಹೋಗಬೇಕು, ಇಲ್ಲವೇ ಹೊಸದೊಂದು ಬಂದು ಸೇರಬೇಕು, ಇಲ್ಲವೇ ಒಂದರ ಜಾಗಕ್ಕೆ ಇನ್ನೊಂದು ಬರಬೇಕು. ಇಷ್ಟು ತಿಳಿದಿದ್ದರೆ ಆ ಎಂಟು ತಿಂಗಳು ಯಾರೂ ನಿದ್ದೆಗೆಡಬೇಕಿರಲಿಲ್ಲ. ‘ವಿಕೇರಿಯಸ್ ವಿಷನ್ಸ್’ ಎಂಬ ಸಂಸ್ಥೆ ಕಷ್ಟಪಟ್ಟು ಕಂಡುಹಿಡಿದದ್ದನ್ನು ಒಬ್ಬ ಹೈಸ್ಕೂಲು ಕನ್ನಡ ಪಂಡಿತರು ಸಂಜೆಯ ಕಾಫಿಗೆ ಮುಂಚೆ ಹೇಳಿಬಿಡುತ್ತಿದ್ದರು.

ಲೋಪದ ಸೂತ್ರವನ್ನು ಮೊದಲು ನೋಡೋಣ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ನಡುವಿನ ಉಕಾರ ಬೀಳುತ್ತದೆ, ಆದರೆ ಅರ್ಥ ಕೆಡದಿದ್ದರೆ ಮಾತ್ರ. ಈ ಷರತ್ತೇ ನಮ್ಮ ಇಡೀ ವಾದದ ಕೀಲಿ. ಹಾಗಾದರೆ ಗಿಟಾರ್ ಹೀರೋದ ಅರ್ಥ ಯಾವುದು? ತಂತಿಯಲ್ಲ, ಅದು ಮೊದಲೇ ಇರಲಿಲ್ಲ. ಸ್ವರವೂ ಅಲ್ಲ, ಏಕೆಂದರೆ ಹಾಡು ಮೊದಲೇ ಮುದ್ರಣವಾಗಿದೆ. ಅದನ್ನು ಬೇರೆ ಯಾರೋ ಬೆವರು ಸುರಿಸಿ ನುಡಿಸಿ ಮನೆಗೆ ಹೋಗಿದ್ದಾರೆ. ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ಹರಿದು ಬರುತ್ತವೆ. ಸರಿಯಾದ ಕ್ಷಣಕ್ಕೆ ಸರಿಯಾದ ಗುಂಡಿ ಒತ್ತಿ ಮೀಟಿದರೆ ಗಿಟಾರಿನ ಧ್ವನಿ ಕೇಳುತ್ತದೆ, ತಪ್ಪಿದರೆ ಆ ಒಂದು ಧ್ವನಿ ಮಾತ್ರ ಕಡಿದು ಉಳಿದ ವಾದ್ಯಗಳು ಮುಂದೆ ಹೋಗುತ್ತವೆ. ತಪ್ಪು ಬಹಳವಾದರೆ ಪರದೆಯ ಸಭಿಕರು ಛೀಮಾರಿ ಹಾಕುತ್ತಾರೆ. ಅಂದಮೇಲೆ ಆಟಗಾರ ಮಾಡುವ ಕೆಲಸ ನುಡಿಸುವುದಲ್ಲ, ನುಡಿಯುತ್ತಿರುವುದನ್ನು ಕೆಡಿಸದೆ ಇರುವುದು. ಆದರೂ ‘ನಾನು ನುಡಿಸಿದೆ’ ಎಂಬ ಭಾವ ಎದೆಯಲ್ಲಿ ನಿಲ್ಲುತ್ತದಲ್ಲ, ಅದೇ ಅರ್ಥ. ಅದು ಕೆಡದಿರುವವರೆಗೆ ತಂತಿ ಬೀಳಬಹುದು, ಕುತ್ತಿಗೆ ಬೀಳಬಹುದು, ಬುರುಡೆ ಬೀಳಬಹುದು, ಕಿತ್ತಳೆ ಗುಂಡಿ ಬೀಳಬಹುದು. ಅಂಗೈ ಆವೃತ್ತಿಯನ್ನು ಕುಂದಿದ ಗಿಟಾರ್ ಹೀರೋ ಎಂದವರು ಊರಲ್ಲಿ ಎಂಬುದನ್ನೂ ಅಚ್ಚಿನ ತಪ್ಪು ಎನ್ನಬೇಕಾಗುತ್ತದೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ, ಅವನ ಕೈಯಲ್ಲಿ ಸಾಕ್ಷಿಯೂ ಇದೆ. ಗಿಟಾರ್ ಹೀರೋವನ್ನು ರಚಿಸಿದ ಹಾರ್ಮೋನಿಕ್ಸ್ ಸಂಸ್ಥೆಯೇ ಅದಕ್ಕೆ ಮೊದಲು 2001ರಲ್ಲಿ ‘ಫ್ರೀಕ್ವೆನ್ಸಿ’, 2003ರಲ್ಲಿ ‘ಆಂಪ್ಲಿಟ್ಯೂಡ್’ ಎಂಬ ಎರಡು ಲಯದ ಆಟ ಮಾಡಿತ್ತು. ಅವುಗಳಲ್ಲಿ ಪ್ಲಾಸ್ಟಿಕ್ ಗಿಟಾರು ಇರಲಿಲ್ಲ, ಪ್ಲೇಸ್ಟೇಷನ್ನಿನ ಮಾಮೂಲಿ ಗುಂಡಿಗಳೇ. ಬಲ್ಲವರು ಮೆಚ್ಚಿದರು, ಜನ ಕೊಳ್ಳಲಿಲ್ಲ. ರೆಡ್‌ಆಕ್ಟೇನ್ ಎಂಬ ಸಂಸ್ಥೆ ಗಿಟಾರಿನ ಆಕಾರದ ಪ್ಲಾಸ್ಟಿಕ್ಕನ್ನು ಕೊರಳಿಗೆ ಹಾಕಿದ ಮೇಲೆಯೇ ಲಕ್ಷಾಂತರ ಜನ ಮುಗಿಬಿದ್ದದ್ದು. ಹಾಗಾದರೆ ಗೆದ್ದದ್ದು ಲೋಪವೋ, ಕೂಡಿಕೆಯೋ? ಪ್ರಶ್ನೆ ಗಟ್ಟಿಯಾಗಿದೆ, ಆದರೆ ಉತ್ತರವೂ ಅದೇ ಪಾಠದ ಮುಂದಿನ ಪುಟದಲ್ಲಿದೆ. ಮನೆಯನ್ನು ಎನ್ನುವಾಗ ನಡುವೆ ಬಂದ ಯಕಾರಕ್ಕೆ ಸ್ವಂತ ಅರ್ಥವಿಲ್ಲ. ನಾಲಿಗೆ ಎಡವದಿರಲಿ ಎಂದು ಬಂದದ್ದು ಅದು. ಪ್ಲಾಸ್ಟಿಕ್ ಗಿಟಾರು ಬಂದದ್ದೂ ಹಾಗೆಯೇ, ನಾಚಿಕೆ ಎಡವದಿರಲಿ ಎಂದು. ಆರು ತಂತಿ ಬಿದ್ದುಹೋದ ಜಾಗ ಬಿಕೋ ಎನ್ನಬಾರದೆಂದು ಬಂದ ಯಕಾರಾಗಮ ಅದು. ಗಿಬ್ಸನ್ ಕಂಪನಿಯ ಎಸ್‌ಜಿ ಗಿಟಾರಿನ ಚಹರೆಯನ್ನು ಅದಕ್ಕೆ ಕೊಟ್ಟಿದ್ದು ಈ ಯಕಾರಕ್ಕೆ ಮಾಡಿದ ಅಲಂಕಾರ, ಅಷ್ಟೆ. ಡಿಎಸ್ ಆವೃತ್ತಿಯಲ್ಲೂ ಆಗಮ ಕಡಿಮೆಯಿರಲಿಲ್ಲ. ಯಂತ್ರದ ಕೆಳಗೊಂದು ಸೀಳು ಇತ್ತು, ಹಳೆಯ ಗೇಮ್‌ಬಾಯ್ ಅಡ್ವಾನ್ಸಿನ ಆಟಗಳನ್ನು ತೂರಿಸುವುದಕ್ಕೆ. ಅದರೊಳಕ್ಕೆ ‘ಗಿಟಾರ್ ಗ್ರಿಪ್’ ಎಂಬ ನಾಲ್ಕು ಗುಂಡಿಯ ತುಂಡು ಸೇರಿಸಬೇಕು. ಅದಕ್ಕೊಂದು ಪಟ್ಟಿ. ಪಟ್ಟಿಯೊಳಗೆ ಕೈ ತೂರಿಸಿ, ಯಂತ್ರವನ್ನು ಓದುವ ಪುಸ್ತಕದಂತೆ ನಿಲ್ಲಿಸಿ ಹಿಡಿದು, ನಾಲ್ಕು ಬೆರಳು ನಾಲ್ಕು ಗುಂಡಿಗೆ ಬರುವಂತೆ ಮಣಿಕಟ್ಟನ್ನು ತಿರುಚಬೇಕು. ಮೊದಲ ಮಾದರಿಯ ದಪ್ಪ ಡಿಎಸ್ ಇದ್ದವರಿಗೆ ಗ್ರಿಪ್ಪನ್ನು ಸೇರಿಸಲು ಇನ್ನೊಂದು ತುಂಡು. ಆಗಮದ ಮೇಲೆ ಆಗಮ! ಕೆಲವು ಹಾಡು ಕಳೆಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ ಎಂದು ಆಗಿನ ವಿಮರ್ಶಕರು ದೂರಿದರು. ನೋವು ದೋಷವೆಂದು ಅವರು ಬಗೆದದ್ದು ನಮಗೆ ಆಶ್ಚರ್ಯ. ನಿಜವಾದ ಗಿಟಾರು ಕಲಿಯುವವನ ಬೆರಳತುದಿಯಲ್ಲಿ ಬೊಬ್ಬೆ ಬರುತ್ತದೆ. ತಂತಿಯಿಂದ ಗುಂಡಿಗೆ, ಗುಂಡಿಯಿಂದ ಜೇಬಿಗೆ ಬರುವ ದಾರಿಯಲ್ಲಿ ವಾದ್ಯದ ಎಲ್ಲ ಅಂಗವೂ ಕಳಚಿ, ನೋವು ಮಾತ್ರ ಬೆರಳಿಂದ ಮಣಿಕಟ್ಟಿಗೆ ಸರಿದು ಉಳಿದುಕೊಂಡಿದೆ. ಪರಂಪರೆ ಎಂದರೆ ಇನ್ನೇನು?

ಆದೇಶದ ಭಾಗ ಇನ್ನೂ ಸೊಗಸು. ಕ, ತ, ಪ ಎಂಬ ಕರ್ಕಶಾಕ್ಷರಗಳ ಜಾಗಕ್ಕೆ ಗ, ದ, ಬ ಎಂಬ ಸರಳಗಳು ಬರುವುದು ಆದೇಶಸಂಧಿ; ಮಳೆಯ ಕಾಲ ಮಳೆಗಾಲವಾಗುವುದು ಹೀಗೆ. ದೊಡ್ಡ ಪ್ಲಾಸ್ಟಿಕ್ ಗಿಟಾರಿನಲ್ಲಿ ಮೀಟುವುದಕ್ಕೊಂದು ಪಟ್ಟೆಯಿತ್ತು. ಅದನ್ನು ಮೇಲೆ ಕೆಳಗೆ ಆಡಿಸಿದಾಗ ಬರುತ್ತಿದ್ದ ಕಟಕಟ ಸದ್ದು ಪಕ್ಕದ ಕೋಣೆಯಲ್ಲಿದ್ದವರಿಗೆ ಸಂಗೀತಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಡಿಎಸ್‌ನಲ್ಲಿ ಅದರ ಬದಲು ಸ್ಪರ್ಶಪರದೆಯ ಮೇಲೊಂದು ಗಿಟಾರಿನ ಚಿತ್ರ, ಅದನ್ನು ಸವರಲು ಮೀಟುಬಿಲ್ಲೆಯ ಆಕಾರದ ಕಡ್ಡಿ. ಕಟಕಟದ ಜಾಗಕ್ಕೆ ಜರ್ರನೆ ಜಾರುವ ಸವರು. ಕರ್ಕಶಕ್ಕೆ ಸರಳಾದೇಶ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವ್ಯಾಕರಣದ ಪುಸ್ತಕಗಳಲ್ಲೂ ಸಿಗದು. ಇನ್ನು ದೊಡ್ಡ ಆಟದಲ್ಲಿ ‘ಸ್ಟಾರ್ ಪವರ್’ ಎಂಬ ವಿಶೇಷ ಶಕ್ತಿಯನ್ನು ಎಬ್ಬಿಸಲು ಗಿಟಾರಿನ ಕುತ್ತಿಗೆಯನ್ನು ಆಕಾಶಕ್ಕೆತ್ತಬೇಕಿತ್ತು. ಅಂಗೈಯಂತ್ರವನ್ನು ಎತ್ತಿದರೆ ಪರದೆಯೇ ಕಾಣದು. ಆದ್ದರಿಂದ ಅದರ ಜಾಗಕ್ಕೆ ಧ್ವನಿ ಬಂತು: ಯಂತ್ರದ ಮೈಕಿಗೆ ಮುಖವಿಟ್ಟು ಆಟಗಾರ ಕೂಗಬೇಕು. ಬಸ್ಸು, ರೈಲುಗಳಲ್ಲಿ ಆಡಲೆಂದೇ ಹುಟ್ಟಿದ ಯಂತ್ರದಲ್ಲಿ ಕೂಗಬೇಕೆಂಬ ಈ ಏರ್ಪಾಟನ್ನು ಅವಿವೇಕ ಎಂದವರುಂಟು. ಶಾಸ್ತ್ರ ಇದನ್ನು ಅಂದೇ ಮುಂಗಂಡಿದೆ. ಭಾವಸೂಚಕ ಅವ್ಯಯಗಳ ಮುಂದೆ ಸಂಧಿಯಾಗುವುದಿಲ್ಲ. ಅದು ಪ್ರಕೃತಿಭಾವ. ತುಂಬಿದ ಬಂಡಿಯಲ್ಲಿ ಒಬ್ಬ ಪ್ರಯಾಣಿಕ ಅಂಗೈ ನೋಡಿಕೊಂಡು ಅಬ್ಬರಿಸಿದಾಗ ಪಕ್ಕದವರು ಅವನಿಂದ ಒಂದು ಗೇಣು ಸರಿದು ಕೂರುತ್ತಾರೆ. ಅವನು ಅವನಾಗಿ, ಅವರು ಅವರಾಗಿ ಉಳಿಯುತ್ತಾರೆ, ಯಾವ ವಿಕಾರವೂ ಇಲ್ಲ. ಸದ್ದಿಲ್ಲದೆ ಗುಂಡಿ ಒತ್ತಿಯೂ ಆ ಶಕ್ತಿಯನ್ನು ಎಬ್ಬಿಸಬಹುದಿತ್ತು ಎಂಬ ಸಂಗತಿಯನ್ನು ವಿರೋಧಿಗಳು ಎತ್ತುತ್ತಾರೆ. ಅದು ವಿಕಲ್ಪ, ವಿಕಲ್ಪವಿಲ್ಲದ ಸೂತ್ರ ಯಾವುದಿದೆ?

ಆಕ್ಷೇಪಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಆರು, ಐದು, ನಾಲ್ಕು ಎಂಬ ಇಳಿಯೇಣಿಗೆ ಮೊದಲೇ, 1990ರ ದಶಕದ ಕೊನೆಗೆ, ಜಪಾನಿನ ಕೊನಾಮಿ ಸಂಸ್ಥೆ ‘ಗಿಟಾರ್‌ಫ್ರೀಕ್ಸ್’ ಎಂಬ ಆಟ ತಂದಿತ್ತು, ಅದರ ಗಿಟಾರಿಗೆ ಮೂರೇ ಗುಂಡಿ. ಮೂರರಿಂದ ಐದಕ್ಕೆ ಹೋದದ್ದು ಲೋಪ ಹೇಗಾದೀತು? ಇದಕ್ಕೆ ವಿದ್ವತ್ಪ್ರಪಂಚದಲ್ಲಿ ಸಿದ್ಧ ಉತ್ತರವಿದೆ. ಸಿದ್ಧಾಂತಕ್ಕೆ ಒಗ್ಗದ ಸಾಕ್ಷಿ ಪ್ರಕ್ಷಿಪ್ತ. 2015ರ ‘ಗಿಟಾರ್ ಹೀರೋ ಲೈವ್’ನಲ್ಲಿ ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಗುಂಡಿ ಮರಳಿ ಬಂದವಲ್ಲ ಎಂಬುದು ಇನ್ನೊಂದು ಮಾತು. ಬಂದವು, ಆಮೇಲೇನಾಯಿತು? ಅದರ ಹಾಡುಗಳಲ್ಲಿ ಬಹುಪಾಲು ಅಂತರ್ಜಾಲದ ವಾಹಿನಿಯ ಮೂಲಕ ಬರುತ್ತಿದ್ದವು. 2018ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದಾಗ ನೂರಾರು ಹಾಡು ಒಂದೇ ದಿನ ಮಾಯವಾಗಿ ತಟ್ಟೆಯಲ್ಲಿದ್ದ 42 ಉಳಿದವು. ಗುಂಡಿಯಲ್ಲಿ ಜಿಪುಣತನ ಬಿಟ್ಟವರಿಗೆ ಹಾಡಿನಲ್ಲಿ ಲೋಪವಾಯಿತು. ಲೆಕ್ಕ ಎಲ್ಲಾದರೊಂದು ಕಡೆ ಸರಿಹೋಗಲೇಬೇಕು. ಇನ್ನೊಬ್ಬ ಆಕ್ಷೇಪಕ ಸೂಕ್ಷ್ಮಬುದ್ಧಿಯವನು. ಮೊದಲ ಗಿಟಾರ್ ಹೀರೋದ ‘ಸುಲಭ’ ಹಂತದಲ್ಲಿ ಮೂರೇ ಗುಂಡಿ ಬಳಕೆಯಲ್ಲಿದ್ದು, ಹಂತ ಏರಿದಂತೆ ನಾಲ್ಕು, ಐದು ಆಗುತ್ತವೆ. ಅಂದರೆ ಪರಿಣತಿ ಬೆಳೆದಂತೆ ಗುಂಡಿಯೂ ಬೆಳೆಯುತ್ತದೆ ಎನ್ನುತ್ತಾನೆ. ಈತ ದಿಕ್ಕು ತಪ್ಪಿದ್ದಾನೆ. ಸಿದ್ಧಿಗೆ ಹತ್ತಿರವಿರುವವನು ಹೊಸಬ. ಅಭ್ಯಾಸ ಮಾಡಿ ಮಾಡಿ ಅವನು ಸಂಸಾರಕ್ಕೆ ಸಿಕ್ಕಿಬೀಳುತ್ತಾನೆ, ಐದನೆಯ ಗುಂಡಿಯವರೆಗೆ. ‘ಇಷ್ಟು ಒದ್ದಾಡುವ ಬದಲು ನಿಜವಾದ ಗಿಟಾರನ್ನೇ ಕಲಿಯಬಾರದೇ’ ಎಂದು ಕೇಳುವ ಹಿರಿಯರೂ ಇದ್ದಾರೆ. ಅವರು ಈ ಚರ್ಚೆಗೆ ಅರ್ಹರಲ್ಲ.

ಈ ಇಳಿಯೇಣಿಯ ಕೊನೆಯ ಮೆಟ್ಟಿಲು ಸೊನ್ನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಫಿನ್‌ಲ್ಯಾಂಡಿನ ಓಉಲು ಪಟ್ಟಣದಲ್ಲಿ 1996ರಿಂದ ಗಾಳಿಗಿಟಾರಿನ ವಿಶ್ವಸ್ಪರ್ಧೆ ನಡೆಯುತ್ತಿದೆ. ಅಲ್ಲಿ ವಾದ್ಯ ಕಣ್ಣಿಗೆ ಕಾಣಬಾರದು ಎಂಬುದೇ ನಿಯಮ. ತಂತಿ ಸೊನ್ನೆ, ಗುಂಡಿ ಸೊನ್ನೆ, ಬ್ಯಾಟರಿ ಸೊನ್ನೆ. ‘ನಾನು ನುಡಿಸಿದೆ’ ಮಾತ್ರ ಪೂರ್ಣ. ಹಾಗಾದರೆ ಅಂಗೈ ಆವೃತ್ತಿಗಾಗಿ ಕಾಯುವ ಅಗತ್ಯವೇನಿತ್ತು, ನೇರವಾಗಿ ಓಉಲುವಿಗೇ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಎಲ್ಲರಿಗೂ ಅಷ್ಟು ಧೈರ್ಯವಿರುವುದಿಲ್ಲ. ಮಧ್ಯಮಾಧಿಕಾರಿಗಳಿಗೆ ಕೈಗೊಂದು ಆಸರೆ ಬೇಕು, ಅದು ಎಷ್ಟು ಚಿಕ್ಕದಿದ್ದರೂ ಸರಿ. ಹಾರ್ಮೋನಿಕ್ಸ್ ಕೂಡ 2009ರಲ್ಲಿ ಸೋನಿಯ ಪಿಎಸ್‌ಪಿ ಯಂತ್ರಕ್ಕೆ ‘ರಾಕ್ ಬ್ಯಾಂಡ್ ಅನ್‌ಪ್ಲಗ್ಡ್’ ತಂದಾಗ ಗಿಟಾರು, ಗ್ರಿಪ್ಪು ಎಲ್ಲ ಬಿಟ್ಟು ಯಂತ್ರದ್ದೇ ನಾಲ್ಕು ಗುಂಡಿಗೆ ಬಂದು ನಿಂತಿತು. ಆರು ವರ್ಷ ಹಿಂದಿನ ಆಂಪ್ಲಿಟ್ಯೂಡಿನ ಬಾಗಿಲಿಗೇ ಅದು ಬಂದು ಸೇರಿತ್ತು. ಯಕಾರ ಉದುರಿತ್ತು.

ಆದರೆ ಲೋಪದ ಪರಾಕಾಷ್ಠೆ ಆದದ್ದು ನಿಂಟೆಂಡೋ ಕಡೆಯಿಂದ. 2008ರ ನವೆಂಬರಿನಲ್ಲಿ ಜಪಾನಿನಲ್ಲಿ, 2009ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಡಿಎಸ್‌ನ ಹೊಸ ರೂಪ ಡಿಎಸ್‌ಐ ಬಂತು. ಎರಡು ಕ್ಯಾಮೆರಾ ಬಂದು ಸೇರಿದ್ದವು, ಹಳೆಯ ಆಟಗಳನ್ನು ತೂರಿಸುವ ಸೀಳು ಬಿದ್ದುಹೋಗಿತ್ತು. ಗಿಟಾರ್ ಗ್ರಿಪ್ಪು ಸೇರುತ್ತಿದ್ದದ್ದು ಆ ಸೀಳಿಗೇ. ಅಂಗೈ ಮಾಲಿಕೆಯ ಮೂರನೆಯ ಕಂತು ‘ಮಾಡರ್ನ್ ಹಿಟ್ಸ್’ ಅಮೆರಿಕದ ಅಂಗಡಿಗೆ ಬಂದದ್ದು 2009ರ ಜೂನಿನಲ್ಲಿ, ಅಂದರೆ ಅದನ್ನು ಆಡಲಾಗದ ಹೊಸ ಯಂತ್ರ ಬಂದ ಎರಡು ತಿಂಗಳ ಮೇಲೆ. ಅಂದಿಗೆ ಅತ್ಯಂತ ಹೊಸ ಆಟ ಮತ್ತು ಅತ್ಯಂತ ಹೊಸ ಯಂತ್ರ ಎರಡನ್ನೂ ಕೊಂಡು ಮನೆಗೆ ಬಂದ ಶ್ರದ್ಧಾವಂತನಿಗೆ ಒಂದು ಕೈಯಲ್ಲಿ ನಾಲ್ಕು ಗುಂಡಿ, ಇನ್ನೊಂದು ಕೈಯಲ್ಲಿ ಎರಡು ಪರದೆ. ಕೂಡುವ ಜಾಗ ಮಾತ್ರ ಇಲ್ಲ. ವ್ಯಾಕರಣದಲ್ಲಿ ಪದಗಳನ್ನು ಬಿಡಿಸಿ ಬರೆಯುವಾಗ ನಡುವೆ ಹಾಕುವ ಕೂಡುಚಿಹ್ನೆಯ ಎರಡು ಪಕ್ಕಗಳಂತೆ ಅವು ಮೇಜಿನ ಮೇಲೆ ಕೂತವು. ಅವನು ಮತ್ತೆ, 2008ರ ಮೇ ತಿಂಗಳಲ್ಲಿದ್ದಂತೆಯೇ, ಒಂದು ಅಂಗೈ ಆವೃತ್ತಿಗಾಗಿ ಕಾಯತೊಡಗಿದ.