ಅರ್ಧಕ್ಕೇ ನಿಂತ ಫುಟ್‌ಪಾತ್ ಜೊತೆ ಅರ್ಧ ಗಂಟೆ

ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯಲ್ಲಿ 1990ರಲ್ಲಿ ಸುಮಾರು 86 ಸಾವಿರ ಜನರಿದ್ದರು. 2020ರ ಜನಗಣತಿಗೆ 4.2 ಲಕ್ಷ ದಾಟಿದರು. ಹೊಲಗದ್ದೆಯಾಗಿದ್ದ ಆಶ್‌ಬರ್ನ್ ತುಂಬ ಈಗ ಬಡಾವಣೆಗಳು, ಡೇಟಾ ಸೆಂಟರ್‌ಗಳು, ನಡುನಡುವೆ ಕನ್ನಡದ ಮನೆಗಳು. ಅಲ್ಲಿ ದಿಢೀರನೆ ಮುಗಿದುಹೋಗುವ ಫುಟ್‌ಪಾತೊಂದನ್ನು ಮಾತಾಡಿಸಿದೆವು. ಮುಂದೆ ಹೋಗುವಂತಿಲ್ಲದ ಕಾರಣ ಅದು ಬಿಡುವಾಗಿಯೇ ಇತ್ತು.

ಪ್ರಶ್ನೆ: ಇಲ್ಲಿಗೇ ಯಾಕೆ ನಿಂತುಬಿಟ್ಟಿರಿ?

ಫುಟ್‌ಪಾತ್: ನನ್ನನ್ನು ಹಾಕಿಸಿದ ಬಿಲ್ಡರ್‌ನ ಜಮೀನು ಇಲ್ಲಿಗೆ ಮುಗಿಯಿತು. ತನ್ನ ಬಡಾವಣೆಯ ಮುಂದಷ್ಟೇ ಹಾಕಿಕೊಡುತ್ತೇನೆಂದು ಕೌಂಟಿಗೆ ಬರೆದುಕೊಟ್ಟಿದ್ದ. ಕೊಟ್ಟ ಮಾತನ್ನು ಒಂದಡಿಯೂ ಮೀರಲಿಲ್ಲ. ಇನ್ನೂರು ಅಡಿ ಆಚೆ ಬೇರೊಬ್ಬ ಬಿಲ್ಡರ್ ಹಾಕಿಸಿದ ನನ್ನ ತಮ್ಮ ಇದ್ದಾನೆ. ದಿನಾ ಮುಖ ನೋಡಿಕೊಳ್ಳುತ್ತೇವೆ, ಭೇಟಿ ಇಲ್ಲ. ನಡುವಿನ ಜಾಗದವರು ಜಮೀನು ಮಾರಬೇಕು, ಅಲ್ಲಿ ಮನೆ ಏಳಬೇಕು. ಆಮೇಲೆ ನೋಡೋಣ.

ಪ್ರಶ್ನೆ: ಕೌಂಟಿಯವರೇ ಜೋಡಿಸಬಹುದಲ್ಲ?

ಫುಟ್‌ಪಾತ್: ರಸ್ತೆ ಅವರದ್ದಲ್ಲ ಸ್ವಾಮಿ! 1932ರ ಬರ್ಡ್ ರಸ್ತೆ ಕಾಯ್ದೆಯಿಂದಾಗಿ ಇಲ್ಲಿನ ಕೌಂಟಿಗಳ ರಸ್ತೆಗಳೆಲ್ಲ ರಾಜ್ಯದ ಪಾಲಾದವು. ತಮ್ಮ ರಸ್ತೆ ತಾವೇ ನೋಡಿಕೊಳ್ಳುವುದು ಆರ್ಲಿಂಗ್ಟನ್, ಹೆನ್ರೈಕೊ ಎರಡೇ. ನಮ್ಮಲ್ಲಿ ಮನೆಗೆ ಅನುಮತಿ ಕೊಡುವುದು ಕೌಂಟಿ, ರಸ್ತೆ ರಾಜ್ಯದ್ದು, ಪಕ್ಕದ ಹುಲ್ಲು ಬಡಾವಣೆಯ ಸಂಘದ್ದು. ಚಳಿಗಾಲದಲ್ಲಿ ರಸ್ತೆಯ ಹಿಮವನ್ನೆಲ್ಲ ತಳ್ಳಿ ನನ್ನ ಮೇಲೆ ಒಟ್ಟುತ್ತಾರೆ. ಅದನ್ನು ತೆಗೆಯುವುದು ಯಾರ ಕೆಲಸ ಅಂದರೆ, ‘ನಮ್ಮದಲ್ಲ’ ಅನ್ನುವುದರಲ್ಲಿ ಮಾತ್ರ ಮೂವರಿಗೂ ಒಮ್ಮತ.

ಪ್ರಶ್ನೆ: ಹತ್ತಿರದಲ್ಲೇ ಹೆಸರುವಾಸಿ ಡಬ್ಲ್ಯು ಅಂಡ್ ಓಡಿ ಟ್ರೇಲ್ ಇದೆಯಲ್ಲ?

ಫುಟ್‌ಪಾತ್: ಅವರು ನಮ್ಮ ಹಿರೀಕರು. 1968ರಲ್ಲಿ ಓಡಾಟ ನಿಲ್ಲಿಸಿದ ರೈಲು ಮಾರ್ಗದ ಮೇಲೆ ಹಾಸಿದ 45 ಮೈಲಿ ದಾರಿ. ರೈಲಿಗಾಗಿ ಜಾಗ ಮೊದಲೇ ಉದ್ದಕ್ಕೂ ಬಿಡಿಸಿಟ್ಟಿದ್ದರಿಂದ ನನ್ನ ಹಾಗೆ ತುಂಡಾಗಲಿಲ್ಲ. ಆದರೆ ಅಲ್ಲಿಗೆ ಜನ ಹೋಗುವ ಚೆಂದ ನೋಡಿ! ಶನಿವಾರ ಬೆಳಗ್ಗೆ ಸೈಕಲ್ಲನ್ನು ಕಾರಿಗೆ ಕಟ್ಟಿ ಎರಡು ಮೈಲಿ ಓಡಿಸುತ್ತಾರೆ, ಹತ್ತು ಮೈಲಿ ತುಳಿಯುತ್ತಾರೆ, ಮತ್ತೆ ಸೈಕಲ್ಲಿಗೆ ಕಾರಿನ ಸವಾರಿ. ಇಲ್ಲಿ ನಡಿಗೆ ಅಂದರೆ ವ್ಯಾಯಾಮ. ಹಾಲಿನ ಕ್ಯಾನು ಹಿಡಿದು ನಡೆದರೆ, ‘ಕಾರು ಕೆಟ್ಟಿತಾ?’ ಅಂತ ಮರುಗುತ್ತಾರೆ.

ಪ್ರಶ್ನೆ: ಮೆಟ್ರೊ ಕೂಡ ಬಂದಿದೆ...

ಫುಟ್‌ಪಾತ್: 2022ರ ನವೆಂಬರ್‌ನಲ್ಲಿ ಸಿಲ್ವರ್ ಲೈನ್ ಆಶ್‌ಬರ್ನ್ ತನಕ ಬಂತು. ವಾಷಿಂಗ್ಟನ್‌ನಿಂದ ನಿಲ್ದಾಣಕ್ಕೆ ಬರುವುದು ಸಲೀಸು, ನಿಲ್ದಾಣದಿಂದ ಮನೆಗೆ ಬರುವುದೇ ಸಾಹಸ. ಅದಕ್ಕೇ ಕಾರುಗಳಿಗೆ ಅಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿಕೊಟ್ಟಿದ್ದಾರೆ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ತುಳಿಯುವವರು ಯಾರು?

ಫುಟ್‌ಪಾತ್: ಆರು ತಿಂಗಳಿಗೆಂದು ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು. ಅವರಿಗೆ ಇಲ್ಲಿನ ಲೈಸೆನ್ಸ್ ಇಲ್ಲ, ಕಾಲಿದೆ. ದಾವಣಗೆರೆ ಕಡೆಯ ಯಜಮಾನರೊಬ್ಬರು ಮಂಕಿ ಟೋಪಿ, ಮಗ ಕೊಡಿಸಿದ ಬಿಳಿ ಶೂ ತೊಟ್ಟು ಬರುತ್ತಾರೆ. ನನ್ನ ತುದಿಯಲ್ಲಿ ನಿಂತು, ಎಡಬಲ ನೋಡಿ, ಪ್ಯಾಂಟಿನ ಅಂಚು ಮಡಚಿ ಹುಲ್ಲಿಗಿಳಿಯುತ್ತಾರೆ. ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಬೇಕಲ್ಲ! ಇಂಥವರು ತುಳಿದೂ ತುಳಿದೂ ಹುಲ್ಲು ಸವೆದು ಗೇಣಗಲದ ಕಾಲುದಾರಿ ಬಿದ್ದಿದೆ. ಅದಕ್ಕೆ ಸಮೀಕ್ಷೆಯೂ ಬೇಕಾಗಲಿಲ್ಲ, ಕನ್ಸಲ್ಟೆಂಟೂ ಬೇಕಾಗಲಿಲ್ಲ.

ಪ್ರಶ್ನೆ: ನಿಮ್ಮ ಅಹವಾಲನ್ನು ಕೌಂಟಿಯ ಸಭೆಯಲ್ಲಿ ಹೇಳಿಕೊಳ್ಳಬಾರದೇ?

ಫುಟ್‌ಪಾತ್: ಸಭೆ ನಡೆಯುವುದು ಲೀಸ್‌ಬರ್ಗ್‌ನಲ್ಲಿ. ಹಿರೀಕರ ದಾರಿ ಹಿಡಿದರೆ ನೇರ ಅಲ್ಲಿಗೇ ಹೋಗಬಹುದು. ಆ ದಾರಿ ಸೇರಬೇಕಾದರೆ ಮೊದಲು ನಾನು ಪೂರ್ತಿಯಾಗಬೇಕು. ನಾನು ಪೂರ್ತಿಯಾಗಬೇಕಾದರೆ ನಡೆಯುವವರು ಯಾರಾದರೂ ಹೋಗಿ ಸಭೆಯಲ್ಲಿ ಕೇಳಬೇಕು. ಸದ್ಯಕ್ಕೆ ಅಲ್ಲಿಗೆ ಹೋಗುವವರೆಲ್ಲ ಕಾರಿನಲ್ಲೇ ಹೋಗಿ, ಪಾರ್ಕಿಂಗ್ ಸಾಲದು ಅಂತ ದೂರು ಕೊಟ್ಟು ಬರುತ್ತಿದ್ದಾರೆ.